ಬೇಲಿಯ ಹೊರಮೈ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕ್ರಿಸಾಂತೋ ಬಾಲ್ಬುವೆನಾ ತಮ್ಮ ಮನೆಯ ತಗಡಿನ ಮಾಡಿನ ಮೇಲೆ ಬರಿಗಾಲಲ್ಲಿ ನಿಂತು, ಬಿದಿರಿನ ಏಣಿಯನ್ನು ಎದುರಿನ ಗೋಡೆಗೆ ಒರಗಿಸುತ್ತಿದ್ದಾರೆ. ಏಣಿಯ ಎರಡೂ ತುದಿಗೆ ಹಳೆಯ ಕಾಲುಚೀಲ ತೊಡಿಸಿದ್ದಾರೆ, ಗೋಡೆಗೆ ತಾಗಿದಾಗ ಸದ್ದಾಗಬಾರದು. ಕತ್ತರಿಯ ಕೀಲಿಗೆ ತೆಂಗಿನೆಣ್ಣೆ ಬಿಟ್ಟಿದ್ದಾರೆ, ಅದೂ ಸದ್ದು ಮಾಡಬಾರದು. ಸದ್ದು ಮಾಡುವವರು ಕೆಳಗೆ ಒಲೆಯ ಮುಂದೆ ಕೂತ ಹೆಂಡತಿ ಲೂದಿವಿನಾ ಒಬ್ಬರೇ.

"ಇಳೀತೀಯೋ ಇಲ್ವೋ? ಗಾರ್ಡುಗಳು ವಾರದಿಂದ ಟಾರ್ಚು ಹಿಡ್ಕೊಂಡು ಓಡಾಡ್ತಿದ್ದಾರೆ. ಈ ಸಲ ನಿನ್ನ ತಲೆ ಕಂಡ್ರೆ ಫೋಟೊ ತೆಗೆಯಲ್ಲ, ಗುಂಡೇ ಹಾರಿಸ್ತಾರೆ."

"ತಲೆ ಕಾಣಿಸಲ್ಲ."

"ಆವತ್ತೂ ಹಿಂಗೇ ಅಂದಿದ್ದೆ."

ಕ್ರಿಸಾಂತೋ, ಕೇರಿಗೆಲ್ಲ ಬರೀ ಸಾಂತೋ, ಕತ್ತರಿ ಎತ್ತುತ್ತಾರೆ. ಗೋಡೆಯ ಮೇಲಿಂದ ಎರಡಾಳು ಎತ್ತರಕ್ಕೆ ಎದ್ದಿರುವ ಹಸಿರು ಬೇಲಿಯನ್ನು ಕೆಳಗಿನಿಂದ ಮೇಲಕ್ಕೆ ಕತ್ತರಿಸತೊಡಗುತ್ತಾರೆ. ಎಲೆಗಳು ತಗಡಿನ ಮೇಲೆ, ಅಲ್ಲಿಂದ ಜಾರಿ ಲೂದಿವಿನಾರ ಬಾಣಲೆಯ ಹತ್ತಿರ ಬೀಳುತ್ತವೆ. ಕಳ್ಳನೊಬ್ಬ ತೆಗೆದುಕೊಳ್ಳಬಹುದಾದ ಎಲ್ಲ ಎಚ್ಚರಿಕೆಯನ್ನೂ ತೆಗೆದುಕೊಂಡು ಈ ಮನುಷ್ಯ ಮಾಡುತ್ತಿರುವುದು ತನ್ನ ಮಾಲೀಕರ ಬೇಲಿಯ ಆರೈಕೆ. ಅದೂ ಸಂಬಳವಿಲ್ಲದ ಅರ್ಧ.

ಗೋಡೆಯ ಆಚೆಗಿರುವುದು ಸಾನ್ ಆರೆಲ್ಯೊ ವಿಲೇಜ್. ಮನಿಲಾದಲ್ಲಿ ಕಾವಲಿನ ಗೇಟು, ಈಜುಕೊಳ ಮತ್ತು ಮನೆಗೆ ಮೂರು ಕಾರುಗಳಿದ್ದರೆ ಅಂಥ ಬಡಾವಣೆಯನ್ನು ವಿಲೇಜ್ ಎನ್ನುವುದು ರೂಢಿ. ಗೋಡೆಯ ಈಚೆಗಿರುವುದು ಸಿತ್ಯೊ ಕಾಬಿಲಾ, ಗೋಡೆಗೂ ಹಳ್ಳಕ್ಕೂ ನಡುವೆ ಸಿಕ್ಕಿಕೊಂಡ ನಾನೂರು ಮನೆಗಳ ಕೇರಿ. ಇವೆರಡರ ಮಧ್ಯೆ ನಾನೂರ ಹನ್ನೆರಡು ಮೀಟರ್ ಉದ್ದದ ಕಾಮುನಿಂಗ್ ಬೇಲಿ. ಕರಿಬೇವಿನ ದಾಯಾದಿ ಗಿಡ ಇದು. ಒತ್ತಾಗಿ ಬೆಳೆಸಿದರೆ ಇರುವೆಗೂ ಆಚೆ ಕಾಣಿಸದು. ಬೆಳೆಸಿದವರು ಸಾಂತೋ. ಇಪ್ಪತ್ತೆರಡು ವರ್ಷದ ಹಿಂದೆ ಮೊಣಕಾಲೆತ್ತರದ ಸಸಿ ನೆಟ್ಟದ್ದೂ ಅವರೇ, ಈಗ ಐವತ್ತೆಂಟನೆಯ ವಯಸ್ಸಿನಲ್ಲಿ ದಿನಕ್ಕೆ ಹನ್ನೊಂದು ಮೀಟರಿನಂತೆ ಕತ್ತರಿಸುತ್ತಿರುವುದೂ ಅವರೇ. ಕೊನೆ ಮುಟ್ಟುವ ಹೊತ್ತಿಗೆ ಮೊದಲಿನ ತುದಿ ಮತ್ತೆ ಬೆಳೆದಿರುತ್ತದೆ.

ಅವರು ಮಲಗುವ ಚಾಪೆಯಿಂದ ಹದಿನಾಲ್ಕನೆಯ ನಂಬರಿನ ಮನೆಯ ಈಜುಕೊಳಕ್ಕೆ ಒಂಬತ್ತು ಮೀಟರ್. ಒಮ್ಮೆ ಹಗ್ಗ ಹಿಡಿದು ಅಳೆದಿದ್ದಾರಂತೆ. ಆದರೆ ಕೆಲಸಕ್ಕೆ ಹೋಗಲು ಗಲ್ಲಿ ದಾಟಿ, ಜೀಪ್ನಿ ಹತ್ತಿ, ಮೇಲುಸೇತುವೆಯ ಕೆಳಗೆ ಇಳಿದು, ಸರ್ವಿಸ್ ಗೇಟಿನಲ್ಲಿ ಗುರುತಿನ ಚೀಟಿ ಕೊಟ್ಟು, ಚೀಲ ಬಿಚ್ಚಿ ತೋರಿಸಿ ಒಳಗೆ ಸೇರುವಷ್ಟರಲ್ಲಿ ಐವತ್ತು ನಿಮಿಷ. ಸಂಜೆ ಮತ್ತೆ ಐವತ್ತು. "ಮನೆಯಲ್ಲಿ ಮೊಬೈಲ್ ಮರೆತು ಬಂದ್ರೆ ಲೂದಿ ಗೋಡೆ ಮೇಲಿಂದ ಎಸೀಬಹುದು. ಆದ್ರೆ ಎಸೆಯೋ ಹಾಗಿಲ್ಲ. ಏನಾದ್ರೂ ಒಳಗೆ ಬಿದ್ರೆ ಸೈರನ್ ಹೊಡೀತಾರೆ" ಎನ್ನುತ್ತಾರೆ ಸಾಂತೋ. ಮಾತಾಡುವಾಗಲೂ ಅವರ ಬಲಗೈ ಸುಮ್ಮನಿರುವುದಿಲ್ಲ. ಎರಡು ಬೆರಳು ಗಾಳಿಯನ್ನು ಕತ್ತರಿಸುತ್ತಲೇ ಇರುತ್ತವೆ.

ಬೇಲಿಗೆ ಒಳಮೈ, ಹೊರಮೈ ಅಂತ ಎರಡಿವೆ. ವಿಲೇಜಿನ ನಿವಾಸಿಗಳ ಸಂಘ ಸಾಂತೋಗೆ ಸಂಬಳ ಕೊಡುವುದು ಒಳಮೈಗೆ ಮತ್ತು ನೆತ್ತಿಗೆ. ಕೆಲಸದ ಕರಾರಿನಲ್ಲಿ ಹೊರಮೈಯ ಮಾತೇ ಇಲ್ಲ. ಕರಾರು ಬರೆದವರಿಗೆ ಬೇಲಿಗೆ ಇನ್ನೊಂದು ಮೈ ಇರಬಹುದೆಂದು ಹೊಳೆದಿರಲಿಕ್ಕಿಲ್ಲ. ಆದರೆ ಬೆಳಗಿನ ಬಿಸಿಲು ಬೀಳುವುದು ಹೊರಗಡೆಗೇ. ಅಲ್ಲಿ ಚಿಗುರು ಮೂರು ಪಟ್ಟು ವೇಗ. ಕತ್ತರಿಸದೆ ಬಿಟ್ಟರೆ ಗಿಡ ತನ್ನ ಸತ್ವವನ್ನೆಲ್ಲ ಆ ಕಡೆಗೇ ಕಳಿಸಿ, ಒಳಮೈಯನ್ನು ಒಣಗಿಸಿಬಿಡುತ್ತದೆ. ಮೊದಲ ವರ್ಷದಲ್ಲೇ ಇದು ಗೊತ್ತಾದ ಸಾಂತೋ ಸಂಘದ ಮೇಲ್ವಿಚಾರಕನಿಗೆ ಹೇಳಿದ್ದರು. "ಕೆಲಸದ ಹೊತ್ತಿನಲ್ಲಿ ಸಿಬ್ಬಂದಿ ಸರಹದ್ದಿನ ಆಚೆ ಹೋಗುವಂತಿಲ್ಲ, ವಿಮೆ ಇಲ್ಲ" ಎಂದು ಆತ ನಿಯಮ ಓದಿದ. ಅಂದಿನಿಂದ ಸಾಂತೋ ಕೆಲಸದ ಹೊತ್ತಿಗೆ ಮೊದಲೇ, ವಿಮೆಯಿಲ್ಲದ ತಮ್ಮದೇ ಮಾಡಿನಿಂದ ಶುರುಮಾಡಿ, ಮಾಡಿನಿಂದ ಮಾಡಿಗೆ ದಾಟುತ್ತ ಹೊರಮೈಯನ್ನು ಕತ್ತರಿಸುತ್ತ ಬಂದಿದ್ದಾರೆ. ತಗಡಿನ ಮೇಲೆ ನಡೆದಾಡುವ ಕಾಲಿನ ಸದ್ದಿಗೆ ಕೇರಿಯವರು ಎದ್ದು ಒಲೆ ಹೊತ್ತಿಸುತ್ತಾರೆ.

ಲೂದಿವಿನಾಗೆ ಇದು ಸರಿಬಂದದ್ದೇ ಇಲ್ಲ. ಗಲ್ಲಿಯ ಬಾಯಲ್ಲಿ ಬೆಳ್ಳುಳ್ಳಿ ಅನ್ನ, ಒಣಮೀನು ಮಾರುವ ಹೆಂಗಸು, ಮಾತನ್ನೂ ಹಾಗೇ ಖಾರವಾಗಿ ಬಡಿಸುತ್ತಾರೆ. "ನಾವು ಅವರ ಕಣ್ಣಿಗೆ ಬೀಳಬಾರ್ದು ಅಂತ ಹಾಕಿರೋ ಗಿಡ. ಅದಕ್ಕೆ ನೀರು ಹಾಕೋನು ಇವನು, ಗೊಬ್ಬರ ಹಾಕೋನು ಇವನು, ಎಲ್ಲಾದ್ರೂ ಒಂದು ತೂತು ಬಿದ್ರೆ ನಿದ್ದೆ ಬಿಡೋನೂ ಇವನೇ. ನನ್ನನ್ನ ಮುಚ್ಚಿಡೋಕೆ ನನ್ನ ಗಂಡನಿಗೇ ಸಂಬಳ."

"ಅರ್ಧಕ್ಕೆ ಮಾತ್ರ ಸಂಬಳ" ಎಂದು ಸಾಂತೋ ತಿದ್ದುತ್ತಾರೆ.

ಬೇಲಿ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದೆಯೆಂದರೆ ಆಚೆಗೆ ಏನಿದೆ ಎಂಬ ಪ್ರಶ್ನೆಯೇ ವಿಲೇಜಿನಲ್ಲಿ ಹುಟ್ಟುವುದಿಲ್ಲ. ಇವರ ಕಾರುಗಳು ಮನೆಯ ನೆಲಮಾಳಿಗೆಯಿಂದ ಹೊರಟು ಆಫೀಸಿನ ನೆಲಮಾಳಿಗೆಯಲ್ಲಿ ನಿಲ್ಲುತ್ತವೆ. ನಡುವಿನ ಊರು ಕಪ್ಪು ಗಾಜಿನ ಆಚೆಗೆ ಹೇಗೋ ಕಳೆದುಹೋಗುತ್ತದೆ. ಸಂಘದ ಅಧ್ಯಕ್ಷೆ, ಹದಿನಾಲ್ಕನೆಯ ನಂಬರಿನ ಮಿಸೆಸ್ ಮೊಂತೆಸ್ಪೀನಾ ಕೆಟ್ಟವರಲ್ಲ. ಸಾಂತೋರನ್ನು ಮಾಂಗ್ ಸಾಂತೋ ಎಂದು ಹಿರಿಯರಿಗೆ ಸಲ್ಲುವ ಮರ್ಯಾದೆಯಿಂದಲೇ ಕರೆಯುತ್ತಾರೆ. ಹಿತ್ತಲ ಆಚೆಯಿಂದ ಕೇಳುವ ಹುಂಜದ ಕೂಗು ಅವರಿಗೆ ಇಷ್ಟ, ಹಳ್ಳದ ದಂಡೆಯಲ್ಲಿ ಯಾವುದೋ ತೋಟ ಇರಬೇಕೆಂದುಕೊಂಡಿದ್ದಾರೆ. ಭಾನುವಾರದ ಕರಾವೋಕೆ ಹಾಡು ಯಾವುದೋ ರೆಸಾರ್ಟಿನದು. ಬೆಳಗಿನ ಬೆಳ್ಳುಳ್ಳಿಯ ಘಮ ಎಲ್ಲಿಯದೆಂದು ಪತ್ತೆಹಚ್ಚಲು ಒಮ್ಮೆ ಡ್ರೈವರನ್ನು ಹತ್ತಿರದ ಎಲ್ಲ ಹೋಟೆಲುಗಳಿಗೂ ಕಳಿಸಿದ್ದರು.

ಬಡವರ ಬಗ್ಗೆ ಅವರಿಗೆ ಕಾಳಜಿ ಇಲ್ಲವೆಂದಲ್ಲ. ಪ್ರತಿ ಡಿಸೆಂಬರಿನಲ್ಲಿ ಸಂಘದವರು ಅಕ್ಕಿ, ಡಬ್ಬದ ಮೀನು, ಹೊದಿಕೆಗಳನ್ನು ಮೂಟೆ ಕಟ್ಟಿ, ಒಂದೇ ಬಣ್ಣದ ಅಂಗಿ ತೊಟ್ಟು ನಾಲ್ಕು ಗಂಟೆ ಪ್ರಯಾಣ ಮಾಡಿ ಬೆಟ್ಟದ ಸೀಮೆಯ ಬಡವರಿಗೆ ಹಂಚಿ ಬರುತ್ತಾರೆ. ಲಾರಿಗೆ ಮೂಟೆ ಹೇರುವವರಲ್ಲಿ ಸಾಂತೋ ಒಬ್ಬರು. "ಹೋದ ವರ್ಷ ಮ್ಯಾಡಂ ಕಣ್ಣಲ್ಲಿ ನೀರು ಹಾಕ್ಕೊಂಡು ಬಂದಿದ್ರು. ಮಾಂಗ್ ಸಾಂತೋ, ಒಂದೇ ಕೋಣೇಲಿ ಆರು ಜನ ಇರ್ತಾರೆ, ನಿಮಗೆ ನಂಬೋಕೂ ಆಗಲ್ಲ ಅಂದ್ರು. ಹೌದಾ ಮ್ಯಾಡಂ ಅಂದೆ. ನಮ್ಮನೇಲಿ ಏಳು ಜನ."

ಏಳು ವಾರದ ಹಿಂದಿನವರೆಗೆ ಎಲ್ಲವೂ ಹೀಗೇ ನಡೆದುಕೊಂಡು ಬಂದಿತ್ತು. ಅಂದು ಬೆಳಿಗ್ಗೆ ಬೇಲಿಯ ನೆತ್ತಿಗೆ ಕಾಡುಬಳ್ಳಿಯೊಂದು ಸುತ್ತಿಕೊಂಡದ್ದು ಸಾಂತೋ ಕಣ್ಣಿಗೆ ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ದಾಟದ ಮೆಟ್ಟಿಲೊಂದನ್ನು ದಾಟಿ ಮೇಲೇರಿದರು. ಬಿಸಿಲಿಗೆಂದು ತಲೆಗೆ ಸುತ್ತಿದ್ದ ಟವಲು, ಅದರ ಕೆಳಗೆ ಬೆವರಿನ ಮುಖ ಬೇಲಿಯ ಮೇಲೆ ಮೂಡಿತು. ಆಚೆ ಈಜುಕೊಳದ ಪಕ್ಕದಲ್ಲಿ ಮಿಸೆಸ್ ಮೊಂತೆಸ್ಪೀನಾ ನಿಂತಲ್ಲೇ ಇರುವ ಸೈಕಲನ್ನು ತುಳಿಯುತ್ತಿದ್ದರು. ಕಣ್ಣಿಗೆ ಕಣ್ಣು ಸೇರಿತು. ಸಾಂತೋ ಅಲ್ಲೊಂದು ತಪ್ಪು ಮಾಡಿದರು. ಒಳಗೆ ಕೆಲಸ ಮಾಡುವಾಗ ಆ ಮ್ಯಾಡಂ ಎದುರಾದರೆ ಮಾಡುವ ಹಾಗೇ, ಕತ್ತರಿ ಹಿಡಿದ ಕೈಯನ್ನು ಹಣೆಯ ಮಟ್ಟಕ್ಕೆ ಎತ್ತಿ "ಗುಡ್ ಮಾರ್ನಿಂಗ್ ಮ್ಯಾಡಂ" ಎಂದರು.

ಅದೇ ಕೈ, ಅದೇ ಕತ್ತರಿ, ಅದೇ ನಮಸ್ಕಾರ. ದಿಕ್ಕು ಮಾತ್ರ ಬೇರೆ. ಮ್ಯಾಡಂ ಸೈಕಲಿನ ಮೇಲಿಂದಲೇ ಫೋನೆತ್ತಿ ಫೋಟೊ ತೆಗೆದರು. ಅರ್ಧ ಗಂಟೆಯೊಳಗೆ ವಿಲೇಜಿನ ನೂರ ಮೂವತ್ತು ಫೋನುಗಳಲ್ಲಿ ಆ ಚಿತ್ರ ಇತ್ತು. ಗೋಡೆಯ ಮೇಲೆ ಮನುಷ್ಯ, ಕೈಯಲ್ಲಿ ಆಯುಧ, ಏನೋ ಕೂಗಿ ಬೆದರಿಸಿದ. ಗುರುತು ಸಿಗದಿರಲೆಂದು ತಲೆಗೆ ಬಟ್ಟೆ ಸುತ್ತಿದ್ದಾನೆ ಎಂದೊಬ್ಬರು ಬರೆದರು. ಇಂಥವರು ತಿಂಗಳುಗಟ್ಟಲೆ ಹೊಂಚುಹಾಕಿರುತ್ತಾರೆ ಎಂದು ಇನ್ನೊಬ್ಬರು. ನಿವೃತ್ತ ಡಾಕ್ಟರೊಬ್ಬರು ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಕಣ್ಣುಗಳಲ್ಲಿ ಮಾದಕ ವಸ್ತುವಿನ ಲಕ್ಷಣ ಗುರುತಿಸಿದರು. ಆ ಕಣ್ಣುಗಳಿಗೆ ಹೂವಿನ ಪರಾಗ ಆಗಿಬರುವುದಿಲ್ಲ, ಅಷ್ಟೆ.

ಎಂಟು ಗಂಟೆಗೆ ಸರ್ವಿಸ್ ಗೇಟಿನಲ್ಲಿ ಚೀಟಿ ಕೊಟ್ಟು ಒಳಗೆ ಬಂದ ಸಾಂತೋರನ್ನು ನೇರವಾಗಿ ಹದಿನಾಲ್ಕನೆಯ ನಂಬರಿಗೆ ಕರೆದೊಯ್ದರು. ಮ್ಯಾಡಂ ಇನ್ನೂ ನಡುಗುತ್ತಿದ್ದರು. ಫೋನು ತೋರಿಸಿದರು.

"ಇವನನ್ನ ಎಲ್ಲಾದ್ರೂ ನೋಡಿದ್ದೀರಾ ಮಾಂಗ್ ಸಾಂತೋ?"

ಸಾಂತೋ ನೋಡಿದರು. ತಮ್ಮ ಫೋಟೊ ಇಷ್ಟು ಸ್ಪಷ್ಟವಾಗಿ ಬಂದದ್ದು ಅದೇ ಮೊದಲು ಎನ್ನುತ್ತಾರೆ. "ನೋಡಿದ ಹಾಗಿದೆ ಮ್ಯಾಡಂ ಅಂದೆ. ಪೂರ್ತಿ ಹೇಳಿದ್ರೆ ಕೆಲಸ ಹೋಗುತ್ತಲ್ಲ. ಅಲ್ಲಿ ಮುಳ್ಳಿನ ಗಿಡ ಏನಾದ್ರೂ ನೆಡೋಕಾಗುತ್ತಾ ಅಂದ್ರು. ಕಾಗದದ ಹೂವಿನ ಬಳ್ಳಿ ಹಬ್ಬಿಸಬಹುದು ಮ್ಯಾಡಂ ಅಂದೆ. ಆವತ್ತೇ ನೆಟ್ಟೆ. ನಾನು ಹತ್ತಬಾರದು ಅಂತ ನಾನೇ ಮುಳ್ಳು ನೆಟ್ಟಿದ್ದು."

ಆಮೇಲೆ ಆರು ವಾರ ಏಣಿ ಮಾಡಿನ ಮೇಲೇ ಮಲಗಿತು. ಸಾಂತೋ ಐದಕ್ಕೆ ಏಳುವುದು ಬಿಡಲಿಲ್ಲ, ಎದ್ದು ಗಲ್ಲಿಯಲ್ಲಿ ಅತ್ತಿಂದಿತ್ತ ನಡೆದು ನೆರೆಯವರ ನಿದ್ದೆ ಕೆಡಿಸಿದರು. ಹೊರಮೈ ಜಟೆ ಬಿಟ್ಟಿತು. ಒಳಮೈಯಲ್ಲಿ ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಬರೀ ಕಡ್ಡಿ. ನೀರು ಹೆಚ್ಚಿಸಿದರು, ಗೊಬ್ಬರ ಹಾಕಿದರು. ಕಾಯಿಲೆ ಯಾವ ಕಡೆಗಿದೆಯೆಂದು ಅವರಿಗೆ ಗೊತ್ತಿತ್ತು, ಹೇಳುವಂತಿರಲಿಲ್ಲ. ಹದಿನಾಲ್ಕನೆಯ ನಂಬರಿನ ಹಿಂದೆ ಎಲೆಗಳ ನಡುವೆ ಅಂಗೈಯಗಲದ ಕಿಂಡಿ ಬಿದ್ದಾಗ ಸಂಘ ಎಚ್ಚೆತ್ತುಕೊಂಡಿತು. ಚೀನಾದಿಂದ ಬರುವ ಪ್ಲಾಸ್ಟಿಕ್ ಎಲೆಯ ಹಲಗೆಗಳ ಮಾತು ಶುರುವಾಯಿತು. ಹತ್ತು ವರ್ಷ ಬಣ್ಣ ಮಾಸುವುದಿಲ್ಲ, ನೀರು ಬೇಡ, ಮಾಲಿಯೂ ಬೇಡ. ಶನಿವಾರ ಮಧ್ಯಾಹ್ನ ಸಭೆ, ಅಲ್ಲೇ ತೀರ್ಮಾನ. ಬೇಲಿ ಹೋದರೆ ಸಾಂತೋ ಕೆಲಸ ಹೋಗುತ್ತದೆ, ಐವತ್ತೆಂಟರ ಮಾಲಿಗೆ ಹೊಸ ಬೇಲಿ ಯಾರೂ ಕೊಡುವುದಿಲ್ಲ. ಅದಕ್ಕೇ ಈ ವಾರ ಗಾರ್ಡುಗಳ ಟಾರ್ಚಿನ ನಡುವೆ, ಕಾಲುಚೀಲ ತೊಟ್ಟ ಏಣಿಯ ಮೇಲೆ ಈ ಪರದಾಟ. ನಾಲ್ಕು ಬೆಳಗಿನ ಕತ್ತರಿ ಆರು ವಾರದ ಹಾನಿಯನ್ನು ತುಂಬಿಕೊಡದೆಂದು ಅವರಿಗೆ ಗೊತ್ತು. ಸುಮ್ಮನೆ ಕೂರಲಾಗದೆ ಹತ್ತುತ್ತಾರೆ.

ಶನಿವಾರದ ಸಭೆಗೆ ಸಾಂತೋರನ್ನು ಕರೆಸುತ್ತಾರೆ, ಅಭಿಪ್ರಾಯ ಕೇಳಲು ಅಲ್ಲ, ಪ್ಲಾಸ್ಟಿಕ್ ಹಲಗೆಯ ಮಾದರಿಯನ್ನು ಎತ್ತಿ ಹಿಡಿದು ತೋರಿಸಲು. ಬಾಗಿಲಲ್ಲಿ ಗಾರ್ಡ್ ಬಾಲ್ತಜಾರ್ ನಿಂತಿದ್ದಾನೆ. ಒಳಗೆ ನಡೆದದ್ದನ್ನು ಮಾತು ಬಿಡದೆ, ಇದನ್ನು ಬರೆಯುತ್ತಿರುವ ನನಗೆ ಒಪ್ಪಿಸಿದವನು ಅವನೇ.

ಮಿಸೆಸ್ ಮೊಂತೆಸ್ಪೀನಾ ಮೆತ್ತಗೆ ಶುರುಮಾಡುತ್ತಾರೆ. "ಮಾಂಗ್ ಸಾಂತೋ ನಮ್ಮ ಮನೆಯವರ ಹಾಗೆ. ಬೇಲಿ ಕೆಟ್ಟಿದ್ದು ಅವರ ತಪ್ಪಲ್ಲ. ವಯಸ್ಸಾಯ್ತು, ಕೈ ಮೊದಲಿನ ಹಾಗಿಲ್ಲ."

ಹಲಗೆ ಹಿಡಿದ ಸಾಂತೋ ಅದನ್ನು ನಿಧಾನವಾಗಿ ಕೆಳಗಿಡುತ್ತಾರೆ. ಕೆಲಸ ಹೋಗುತ್ತದೆಂಬ ಭಯಕ್ಕೆ ಏಳು ವಾರ ಕಟ್ಟಿಹೋಗಿದ್ದ ಬಾಯಿ ಈ ಮಾತಿಗೆ ಬಿಚ್ಚುತ್ತದೆ.

"ಕೈ ಸರಿಯಾಗೇ ಇದೆ ಮ್ಯಾಡಂ. ಹೊರಗಡೆ ಕತ್ತರಿಸಿಲ್ಲ. ಅದಕ್ಕೆ ಒಳಗಡೆ ಹೋಯ್ತು."

"ಹೊರಗಡೆ ಯಾರು ಕತ್ತರಿಸ್ತಾರೆ?"

"ನಾನೇ. ಇಪ್ಪತ್ತೆರಡು ವರ್ಷದಿಂದ. ನಮ್ಮನೆ ಮಾಡಿನ ಮೇಲಿಂದ."

"ನಿಮ್ಮನೆ ಎಲ್ಲಿದೆ?"

"ನಿಮ್ಮನೆ ಹಿಂದೆ."

"ಹಿಂದೆ ಹಳ್ಳ ಇರೋದು."

"ಹಳ್ಳ ಇನ್ನೂ ಆಚೆಗಿದೆ ಮ್ಯಾಡಂ. ಮಧ್ಯದಲ್ಲಿ ನಾವಿದ್ದೀವಿ. ನಾನೂರು ಮನೆ."

ಹಿಂದಿನ ಸಾಲಿನ ಮುದುಕರೊಬ್ಬರು, "ಹಾಗಾದ್ರೆ ಭಾನುವಾರ ಹಾಡೋದು?" ಎಂದು ಕೇಳುತ್ತಾರೆ.

"ನಾವೇ ಸರ್. ಶ್ರುತಿ ಸ್ವಲ್ಪ ಹಿಂದೆ ಮುಂದೆ ಇರುತ್ತೆ. ಮತ್ತೆ ಆ ಫೋಟೊದಲ್ಲಿರೋನೂ ನಾನೇ."

ಮಿಸೆಸ್ ಮೊಂತೆಸ್ಪೀನಾ ಫೋನು ತೆಗೆದು ಚಿತ್ರ ನೋಡುತ್ತಾರೆ, ಸಾಂತೋರನ್ನು ನೋಡುತ್ತಾರೆ, ಮತ್ತೆ ಚಿತ್ರ ನೋಡುತ್ತಾರೆ. "ಇಲ್ಲ. ನೀವು ಯಾರನ್ನೋ ಬಿಟ್ಟುಕೊಡಬಾರದು ಅಂತ ಹೇಳ್ತಿದ್ದೀರ, ಒಳ್ಳೇ ಮನಸ್ಸು ನಿಮ್ಮದು. ಆದ್ರೆ ಇವನ ಮುಖ ನೋಡಿ. ನೋಡಿದ್ರೇ ಗೊತ್ತಾಗುತ್ತೆ."

ಸಾಂತೋ ಹೆಗಲ ಮೇಲಿನ ಟವಲನ್ನು ತಲೆಗೆ ಸುತ್ತುತ್ತಾರೆ. ಹಲಗೆಯ ಹಿಂದೆ ಹೋಗಿ ನಿಲ್ಲುತ್ತಾರೆ. ಪ್ಲಾಸ್ಟಿಕ್ ಎಲೆಗಳ ಮೇಲೆ ಕಣ್ಣು, ಮೂಗು ಮಾತ್ರ ಕಾಣುವಂತೆ ತಲೆ ಎತ್ತಿ, ಬರಿಗೈಯನ್ನು ಹಣೆಗೆ ತಂದು ಹೇಳುತ್ತಾರೆ: "ಗುಡ್ ಮಾರ್ನಿಂಗ್ ಮ್ಯಾಡಂ."

"ಮ್ಯಾಡಂ ಕುರ್ಚಿ ಹಿಂದಕ್ಕೆ ಹೋಯ್ತು" ಎನ್ನುತ್ತಾನೆ ಬಾಲ್ತಜಾರ್. "ಆಮೇಲೆ ಹಿಂದಿನ ಸಾಲಿನ ಮುದುಕಪ್ಪ ನಕ್ಕ. ಅವನೊಬ್ಬ ನಕ್ಕಿದ್ದಕ್ಕೆ ಬಚಾವ್, ಇಲ್ಲಾಂದ್ರೆ ಮಾಂಗ್ ಸಾಂತೋನ ನಾನೇ ಹಿಡಿದು ಆಚೆ ಹಾಕ್ಬೇಕಿತ್ತು."

ತೀರ್ಮಾನ ಸಂಘಗಳ ತೀರ್ಮಾನದಂತೆಯೇ ಬರುತ್ತದೆ. ಪ್ಲಾಸ್ಟಿಕ್ ಹಲಗೆ ಸದ್ಯಕ್ಕೆ ಬೇಡ. ಕ್ರಿಸ್‌ಮಸ್‌ವರೆಗೆ ನೋಡುವುದು, ಒಳಮೈ ಚಿಗುರಿದರೆ ಬೇಲಿ ಉಳಿಯುತ್ತದೆ. ಅಲ್ಲಿಯವರೆಗೆ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹೊರಮೈ ಕತ್ತರಿಸಬಹುದು, ಸಮವಸ್ತ್ರ ತೊಟ್ಟು. ಹೊರಮೈಗೆ ಸಂಬಳದ ವಿಷಯ ಮುಂದಿನ ಸಭೆಗೆ. ಮತ್ತೆ, ಸಾಂತೋರ ಸುರಕ್ಷತೆಗಾಗಿ ಒಬ್ಬ ಗಾರ್ಡ್ ಜೊತೆಗಿರಬೇಕು. ಯಾರಿಂದ ಸುರಕ್ಷತೆ ಎಂಬುದನ್ನು ನಡಾವಳಿಯಲ್ಲಿ ಬರೆದಿಲ್ಲ.

ಹಾಗಾಗಿ ಮಂಗಳವಾರ ಬೆಳಿಗ್ಗೆ ಐದಕ್ಕೆ ಬಾಲ್ತಜಾರ್ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಮಾಡಿನ ಕೆಳಗೆ ಒಲೆಯ ಪಕ್ಕ ಕೂತು, ಸಾಂತೋರನ್ನು ಅವರ ಹೆಂಡತಿಯಿಂದ ಕಾಯುತ್ತಾನೆ. ಆತ ನೀಲಿ ಸಮವಸ್ತ್ರದಲ್ಲಿದ್ದಾನೆ, ಕೈಯಲ್ಲಿ ಒಣಮೀನಿನ ತಟ್ಟೆ.

"ಕಾಯೋದು ಹಿಂಗೇನಪ್ಪಾ?" ಎನ್ನುತ್ತಾರೆ ಲೂದಿವಿನಾ.

"ಅಪಾಯ ಎಲ್ಲಿಂದ ಬರುತ್ತೋ ಅಲ್ಲೇ ಕೂತಿರ್ಬೇಕು ಆಲಿಂಗ್ ಲೂದಿ. ಇನ್ನೊಂದು ಸ್ವಲ್ಪ ಅನ್ನ." ಆಲಿಂಗ್ ಎಂದರೆ ಹಿರಿಯ ಹೆಂಗಸರಿಗೆ ಸಲ್ಲುವ ಮಾಂಗ್.

ಅಂದೇ ಮಿಸೆಸ್ ಮೊಂತೆಸ್ಪೀನಾ ಸಾಂತೋರ ಬೇಲಿಯ ಹೊರಮೈ ನೋಡಲು ಹೊರಟದ್ದೂ ನಿಜ. ಮನಸ್ಸಿಗೆ ಏನೋ ಕೊರೆಯುತ್ತಿದ್ದಿರಬೇಕು. ಕಾರು ಮೇಲುಸೇತುವೆ ಸುತ್ತಿ ಗಲ್ಲಿಯ ಬಾಯಿಗೆ ಬಂದು, ಅಲ್ಲಿಂದ ಮುಂದೆ ಹೋಗಲಾರದೆ ಹತ್ತು ನಿಮಿಷ ನಿಂತಿತು. ಗಾಜು ಇಳಿಯಲಿಲ್ಲ. ಆಮೇಲೆ ತಿರುಗಿ ಹೋಯಿತು. ಸ್ವಲ್ಪ ಹೊತ್ತಿಗೆ ಸಾಂತೋ ಫೋನಿಗೆ ಸಂದೇಶ: ದಯವಿಟ್ಟು ಒಂದು ಫೋಟೊ ಕಳಿಸಿ.

ಸಾಂತೋ ಅದಕ್ಕಾಗಿ ಪಟ್ಟ ಪಾಡು ನೋಡಬೇಕು. ಬೇಲಿಯ ಬುಡದ ತಂತಿಯಿಂದ ಪಕ್ಕದ ಮನೆಯವರ ಒಗೆದ ಬಟ್ಟೆಯನ್ನೆಲ್ಲ ತೆಗೆಸುತ್ತಾರೆ. ನೀರಿನ ಡ್ರಮ್ಮು ಉರುಳಿಸಿ ಆಚೆಗಿಡುತ್ತಾರೆ. ಮಾಡಿನ ತುದಿಗೆ ಹೋಗಿ, ಬಗ್ಗಿ, ಒಂದು ಪಕ್ಕಕ್ಕೆ ವಾಲಿ, ಬೇಲಿ ಮಾತ್ರ ಬರುವ ಹಾಗೆ ಚಿತ್ರ ತೆಗೆಯುತ್ತಾರೆ. ಎಳೆಬಿಸಿಲಲ್ಲಿ ಹೊಸದಾಗಿ ಕತ್ತರಿಸಿದ ಹಸಿರು, ಅದರ ತುಂಬ ಬಿಳಿ ಹೂವಿನ ಗೊಂಚಲು. ಒಳಮೈಯಲ್ಲಿ ಇಷ್ಟು ಹೂ ಎಂದೂ ಬಿಟ್ಟಿಲ್ಲ. ಸುತ್ತ ನಾನೂರು ಮನೆಗಳಲ್ಲಿ ಒಂದರ ತಗಡೂ ಚಿತ್ರದಲ್ಲಿಲ್ಲ.

ಮನೆಗಳು ಯಾಕಿಲ್ಲ ಎಂದು ಕೇಳುತ್ತೇನೆ. ಅವರಿಗೆ ನಾನು ಹೇಳುವವರೆಗೆ ಅದು ಹೊಳೆದೇ ಇರಲಿಲ್ಲ. "ಕೈಗೆ ಅಭ್ಯಾಸ ಆಗ್ಬಿಟ್ಟಿದೆ" ಎನ್ನುತ್ತಾರೆ.

ಉತ್ತರ ಬೇಗನೇ ಬರುತ್ತದೆ. ಸಾಂತೋ ಗಟ್ಟಿಯಾಗಿ ಓದುತ್ತಾರೆ. "ತುಂಬಾ ಚೆನ್ನಾಗಿದೆ ಮಾಂಗ್ ಸಾಂತೋ. ಆ ಕಡೆ ಇಷ್ಟೊಂದು ಖಾಲಿ ಜಾಗ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಸಂಘದಲ್ಲಿ ಮಾತಾಡ್ತೀನಿ."

ಬಾಲ್ತಜಾರ್ ತಟ್ಟೆ ಕೆಳಗಿಡುತ್ತಾನೆ. "ಖಾಲಿ ಜಾಗಾನಾ?" ಎನ್ನುತ್ತ ಲೂದಿವಿನಾ ಬಾಣಲೆ ಇಳಿಸುತ್ತಾರೆ.

ಸಾಂತೋ ಫೋನನ್ನು ಎರಡು ಸಲ ತಿರುಗಿಸಿ ನೋಡುತ್ತಾರೆ. ಆಮೇಲೆ ಪಕ್ಕದ ಮನೆಯವರನ್ನು ಕೂಗಿ ಬಟ್ಟೆ ಮತ್ತೆ ಹರವಲು ಹೇಳುತ್ತಾರೆ. ಡ್ರಮ್ಮನ್ನು ತಾವೇ ಉರುಳಿಸಿ ತರುತ್ತಾರೆ. "ಲೂದಿ, ಬಾಗಿಲಿಗೆ ಬಾ. ನೀನೂ ಬಾ ಬಾಲ್ತಜಾರ್, ಪಿಸ್ತೂಲು ಕಾಣಿಸ್ಬೇಡ." ಲೂದಿವಿನಾ ಕೈಯನ್ನು ಅಂಗಿಗೆ ಒರೆಸಿ, ತಲೆಗೂದಲು ಕಟ್ಟಿಕೊಳ್ಳುತ್ತ ಬರುತ್ತಾರೆ.

"ನನ್ನ ಮುಖ ಪೂರ್ತಿ ಬರ್ಬೇಕು. ಮೂಗಿಗೆ ಕತ್ತರಿಸ್ಬೇಡ."

ಸಾಂತೋ ಹಿಂದೆ ಹಿಂದೆ ಸರಿಯುತ್ತ ಗಲ್ಲಿಯ ಎದುರು ಗೋಡೆಗೆ ಬೆನ್ನು ತಾಗುವವರೆಗೆ ಹೋಗುತ್ತಾರೆ. ಹೆಂಡತಿ, ಗಾರ್ಡು, ಒಲೆ, ಡ್ರಮ್ಮು, ಬಟ್ಟೆಯ ಸಾಲು, ಮಾಡುಗಳು, ಎಲ್ಲದರ ಹಿಂದೆ ಬೇಲಿ. ಒಮ್ಮೆ ತೆಗೆದು, ನೋಡಿ, ಅಳಿಸಿ, ಮತ್ತೆ ತೆಗೆಯುತ್ತಾರೆ. ಬೆರಳು ಕಳಿಸುವ ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಒತ್ತುತ್ತಾರೆ.

"ಹೋಯ್ತು" ಎನ್ನುತ್ತಾರೆ. ಮತ್ತೊಮ್ಮೆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಬೇಲಿಯನ್ನಲ್ಲ, ಅದರ ಮುಂದಿನ ಮನೆಯನ್ನು ನೋಡುತ್ತಾರೆ. "ಬಾಗಿಲಿಗಾದ್ರೂ ಒಂದು ಕೋಟು ಬಣ್ಣ ಹೊಡೆದಿರ್ಬೇಕಿತ್ತು."